ಮನೆಗಳ್ಳರು ಕಾರಿನ ಕೀ ಒಯ್ದರೆ: ಮೊದಲು ಹಳೇ ಕೀ ಸಾಯಿಸಿ, ಹೊಸದು ಆಮೇಲೆ

ಹಬ್ಬಕ್ಕೆಂದು ಊರಿಗೆ ಹೋಗಿ ವಾಪಸ್ ಬಂದರೆ ಮುಂಬಾಗಿಲ ಬೀಗ ಮೀಟಿದೆ, ಬೀರು ಹಾರು ಹೊಡೆದಿದೆ, ಬಟ್ಟೆಯೆಲ್ಲ ನೆಲದ ಮೇಲೆ. ಇಂಥ ಹೊತ್ತಿನಲ್ಲಿ ಯಾರ ಕಣ್ಣಾದರೂ ಮೊದಲು ಹೋಗುವುದು ಚಿನ್ನ, ದುಡ್ಡು, ಲ್ಯಾಪ್‌ಟಾಪ್ ಕಡೆಗೆ. ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದ ಕಾರಿನ ಕೀ ಇಲ್ಲ ಅನ್ನುವುದು ಗೊತ್ತಾಗುವುದು ಸಂಜೆಗೆ, ಕೆಲವರಿಗೆ ಮಾರನೇ ದಿನಕ್ಕೆ. ಹೊರಗೆ ಇಣುಕಿದರೆ ಕಾರು ನಿಂತಲ್ಲೇ ನಿಂತಿರುತ್ತದೆ. "ಸದ್ಯ, ಕಾರಾದರೂ ಉಳೀತಲ್ಲ" ಅಂದುಕೊಂಡು ಎಲ್ಲರೂ ಬೇರೆ ಕೆಲಸಕ್ಕೆ ಹೊರಡುತ್ತಾರೆ.

ಉಳಿದಿಲ್ಲ. ಇನ್ನೂ ಹೋಗಿಲ್ಲ, ಅಷ್ಟೇ.

ರಾತ್ರಿ ಮನೆಗೆ ನುಗ್ಗಿದವನು ಆಗಲೇ ಕಾರು ಸ್ಟಾರ್ಟ್ ಮಾಡದೆ ಇರಲು ಅವನದ್ದೇ ಕಾರಣಗಳಿರುತ್ತವೆ. ಬಂದದ್ದು ಬೈಕಿನಲ್ಲಿರಬಹುದು, ಸದ್ದಾದೀತೆಂಬ ಹೆದರಿಕೆ ಇರಬಹುದು, ಎದುರು ಮನೆಯ ಸಿಸಿಟಿವಿ ಕಂಡಿರಬಹುದು, ಡ್ರೈವಿಂಗೇ ಬಾರದಿರಬಹುದು. ಕೀ ಮಾತ್ರ ಜೇಬಿಗೆ ಸೇರಿದೆ. ವಾರ ಬಿಟ್ಟು ಅವನೇ ಬರಬಹುದು, ಇಲ್ಲವೇ ಕೀ ಇನ್ನೊಬ್ಬನ ಕೈಗೆ ಹೋಗಬಹುದು. ಕೀ ಹಿಡಿದು ಬರುವವನಿಗೆ ಗಾಜು ಒಡೆಯುವ ಅಗತ್ಯವಿಲ್ಲ, ಸೈರನ್ ಕೂಗುವುದಿಲ್ಲ, ನೋಡಿದವರಿಗೆ ಅನುಮಾನವೂ ಬರುವುದಿಲ್ಲ. ಹಾಗಾಗಿ ಕೀ ಹೋಯಿತೆಂದು ತಿಳಿದ ದಿನವೇ ಎರಡು ಕೆಲಸ ಶುರುವಾಗಬೇಕು: ಆ ಕೀಗೆ ಕಾರು ಓಗೊಡದಂತೆ ಮಾಡುವುದು, ಮತ್ತು ನೀವು ಹಾಗೆ ಮಾಡಿದಿರಿ ಅನ್ನುವುದಕ್ಕೆ ಕಾಗದ ಮಾಡಿಟ್ಟುಕೊಳ್ಳುವುದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟವರು ಮುಂದೆ ಇನ್ಶೂರೆನ್ಸ್ ಕಂಪನಿಯ ಎದುರು ಒದ್ದಾಡುತ್ತಾರೆ.

ಮೊದಲ ಅರ್ಧ ಗಂಟೆ

112ಕ್ಕೆ ಫೋನ್ ಮಾಡಿ. ಪೊಲೀಸರು ಬರುವವರೆಗೆ ಬೀರು, ಚಿಲಕ, ಕಿಟಕಿ ಸರಳು ಮುಟ್ಟಬೇಡಿ. ಬೆರಳಚ್ಚಿನವರು ನೋಡಬೇಕಾದ ಜಾಗಗಳೇ ಅವು. ಕಾರಿನ ಬಾಗಿಲು ತೆರೆದ ಗುರುತು ಕಂಡರೆ, ಅಂದರೆ ಡ್ಯಾಶ್‌ಬೋರ್ಡ್ ಡಬ್ಬಿ ತಡಕಾಡಿದ್ದರೆ ಅಥವಾ ಸೀಟು ಹಿಂದೆ ಸರಿದಿದ್ದರೆ, ಕಾರೂ ಮುಟ್ಟದ ಜಾಗಗಳ ಪಟ್ಟಿಗೆ ಸೇರಿತು. ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದು, ಬಂದ ಪೊಲೀಸರಿಗೆ ತೋರಿಸಿದ ಮೇಲೆಯೇ ಕದಲಿಸಿ.

ಕಾಯುವ ಹೊತ್ತಿನಲ್ಲಿ ಮನೆಮಂದಿಯೆಲ್ಲ ಕೂತು ಕೀಗಳ ಲೆಕ್ಕ ಹಾಕಿ. ಕಾರಿಗೆ ಒಟ್ಟು ಎಷ್ಟು ಕೀ ಇದ್ದವು? ಎರಡನೆಯದು ಎಲ್ಲಿದೆ? ಹೆಚ್ಚಿನವರ ಮನೆಯಲ್ಲಿ ಸ್ಪೇರ್ ಕೀ ಇರುವುದು ಬೀರುವಿನಲ್ಲಿ, ಚಿನ್ನದ ಡಬ್ಬಿಯ ಪಕ್ಕ. ಅಂದರೆ ಕಳ್ಳ ಕೈ ಹಾಕಿದ ಜಾಗದಲ್ಲೇ. ಸ್ಕೂಟರ್ ಕೀ, ಗೇಟಿನ ರಿಮೋಟ್, ಅದೇ ಗೊಂಚಲಿನಲ್ಲಿದ್ದ ಮನೆ ಬೀಗದ ಕೈ, ಆಫೀಸ್ ಡ್ರಾಯರಿನದ್ದು, ಬ್ಯಾಂಕ್ ಲಾಕರಿನದ್ದು, ಎಲ್ಲವನ್ನೂ ಚೀಟಿಯಲ್ಲಿ ಬರೆಯಿರಿ. ಠಾಣೆಯಲ್ಲಿ ಗಡಿಬಿಡಿಯಲ್ಲಿ ಮರೆತ ಕೀ ಆಮೇಲೆ ಕಾಗದದ ಮೇಲೆ ಬರುವುದಿಲ್ಲ.

ಈ ರಾತ್ರಿ ಕಾರು ಎಲ್ಲಿ

ಪೊಲೀಸರ ಸ್ಥಳ ಪರಿಶೀಲನೆ (ಮಹಜರು) ಮುಗಿದ ಮೇಲೆ, ಕತ್ತಲಾಗುವ ಮೊದಲು, ಕಾರು ಆ ಜಾಗ ಬಿಡಬೇಕು. ಒಂದು ಕೀ ಉಳಿದಿದ್ದರೆ ಸರಳ: ನೇರ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು, ಅಂದೇ ಕೆಲಸ ಆಗದಿದ್ದರೂ ಜಾಬ್ ಕಾರ್ಡ್ (ಮಾಡಬೇಕಾದ ಕೆಲಸ ಬರೆದುಕೊಡುವ ಹಾಳೆ) ಮಾಡಿಸಿ ಅಲ್ಲೇ ಬಿಟ್ಟು ಬನ್ನಿ. ಕಾವಲಿರುವ ಜಾಗ, ಮೇಲಾಗಿ ಇಂಥ ದಿನ ಇಷ್ಟು ಗಂಟೆಗೆ ಒಪ್ಪಿಸಿದೆ ಅನ್ನುವುದಕ್ಕೆ ರಸೀದಿ. ಭಾನುವಾರವೋ ರಾತ್ರಿಯೋ ಆದರೆ ನೆಂಟರ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಸಾಗಿಸಿ, ಗೇಟಿನ ಸೆಕ್ಯೂರಿಟಿಗೆ ಗಾಡಿ ನಂಬರ್ ಬರೆದು ಕೊಟ್ಟು "ನಾನೇ ಬಂದು ಕೇಳದೆ ಈ ಗಾಡಿ ಹೊರಗೆ ಬಿಡಬೇಡಿ" ಅನ್ನಿ. ನಿಮ್ಮದೇ ಅಪಾರ್ಟ್‌ಮೆಂಟಿನಲ್ಲಿ ಕಳವಾಗಿದ್ದರೂ ಸೆಕ್ಯೂರಿಟಿಗೆ ಹೇಳುವುದು ಮರೆಯಬೇಡಿ. ಸ್ಟಿಕ್ಕರ್ ಇರುವ ಕಾರು ಹೊರಗೆ ಹೋಗುವಾಗ ಯಾರೂ ತಡೆಯುವುದಿಲ್ಲ.

ಎರಡೂ ಕೀ ಹೋಗಿದ್ದರೆ ಕಾರು ಅಲುಗಾಡಿಸುವುದು ಕಷ್ಟ. ಸ್ಟೀರಿಂಗ್ ಲಾಕ್ ಬಿದ್ದಿರುತ್ತದೆ, ಆಟೊಮ್ಯಾಟಿಕ್ ಆದರೆ ಗೇರು "ಪಿ"ಯಲ್ಲಿ ಸಿಕ್ಕಿಕೊಂಡಿರುತ್ತದೆ. ಹಗ್ಗ ಕಟ್ಟಿ ಎಳೆಯುವ ಸಾಹಸ ಬೇಡ. ಪೂರ್ತಿ ಕಾರನ್ನು ಮೇಲೆ ಹತ್ತಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಟೋಯಿಂಗ್ ಕರೆಸಿ. ನಿಮ್ಮ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಅದರ ನಂಬರಿಗೇ ಫೋನ್ ಮಾಡಿ, ಕೀ ಕಳೆದಾಗಲೂ ಟೋಯಿಂಗ್ ಕೊಡುವ ಪಾಲಿಸಿಗಳಿವೆ.

ಟೋಯಿಂಗ್ ಬೆಳಿಗ್ಗೆಗೇ ಸಿಗುವುದಾದರೆ ರಾತ್ರಿಯ ಮಟ್ಟಿಗೆ ಅಗ್ಗದ ಉಪಾಯ ಪಕ್ಕದ ಮನೆಯವರ ಕಾರು. ನಿಮ್ಮ ಗಾಡಿಯ ಮೂತಿ ಗೋಡೆಗಿದ್ದರೆ ಹಿಂದೆ ಅವರದನ್ನು ಅಡ್ಡ ನಿಲ್ಲಿಸಲು ಕೇಳಿಕೊಳ್ಳಿ. ಇಂಥ ಹೊತ್ತಿನಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಚಕ್ರಕ್ಕೆ ಹಾಕುವ ಕ್ಲ್ಯಾಂಪ್ ಅಥವಾ ಸ್ಟೀರಿಂಗಿಗೆ ಅಡ್ಡ ಸಿಕ್ಕಿಸುವ ರಾಡ್ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ, ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯಲ್ಲಿ ಸಾಲು ಸಾಲು ಅಂಗಡಿಗಳಿವೆ. ಕಾರಿನ ಕೀಗೂ ಇವುಗಳ ಕೀಗೂ ಸಂಬಂಧವಿಲ್ಲ ಅನ್ನುವುದೇ ಇಲ್ಲಿ ಉಪಯೋಗಕ್ಕೆ ಬರುವ ಗುಣ.

ಬ್ಯಾಟರಿ ವೈರ್ ಬಿಚ್ಚಿಡುವ ಸಲಹೆಯನ್ನು ಬಹಳ ಮಂದಿ ಕೊಡುತ್ತಾರೆ. ಪೂರ್ತಿ ಒಪ್ಪಲಾರೆ. ಬಾನೆಟ್ ತೆರೆಯುವ ಲಿವರ್ ಇರುವುದು ಕಾರಿನ ಒಳಗೆ. ಕೀ ಇದ್ದವನು ಬಾಗಿಲು ತೆಗೆದು ಬಾನೆಟ್ ಎತ್ತಿ, 10 ಎಂಎಂ ಸ್ಪ್ಯಾನರ್ ಇದ್ದರೆ ಎರಡು ನಿಮಿಷದಲ್ಲಿ ವೈರ್ ಸಿಕ್ಕಿಸುತ್ತಾನೆ. ಅದಕ್ಕಿಂತ ಕೆಟ್ಟದ್ದೆಂದರೆ, ಬ್ಯಾಟರಿ ಬಿಚ್ಚಿದಾಗ ಸೈರನ್ ಸಾಯುತ್ತದೆ, ಕಾರಿನ ಜಿಪಿಎಸ್ ಟ್ರ್ಯಾಕರ್ ಕೂಡ ಹೆಚ್ಚು ಹೊತ್ತು ಬಾಳುವುದಿಲ್ಲ. ಅದರ ಬದಲು ಫ್ಯುಯಲ್ ಪಂಪಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಯಾವುದು ಎಂದು ಓನರ್ಸ್ ಮ್ಯಾನ್ಯುಯಲ್‌ನ ಫ್ಯೂಸ್ ಬಾಕ್ಸ್ ಚಿತ್ರದಲ್ಲಿದೆ. ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹತ್ತುವುದಿಲ್ಲ. ಕಳ್ಳನಿಗೆ ಕಾರು ಕೆಟ್ಟಿದೆ ಅನ್ನಿಸುತ್ತದೆ, ಟ್ರ್ಯಾಕರ್ ಮಾತ್ರ ಎಚ್ಚರವಾಗಿರುತ್ತದೆ. ಟೈರಿನ ಗಾಳಿ ಬಿಡುವುದು, ಚಕ್ರ ಬಿಚ್ಚಿ ಜ್ಯಾಕಿನ ಮೇಲೆ ನಿಲ್ಲಿಸುವುದು, ಇವೆರಡೂ ಬೇಡ. ಮೊದಲನೆಯದರಿಂದ ಟೈರ್ ಹಾಳು, ಎರಡನೆಯದರಿಂದ ಯಾರದಾದರೂ ಕಾಲು ಹೋದೀತು.

ಕಾರಿನ ಕಂಪನಿ ಆ್ಯಪ್ ಇದ್ದರೆ (ಹ್ಯುಂಡೈಯ ಬ್ಲೂಲಿಂಕ್, ಕಿಯಾ ಕನೆಕ್ಟ್, ಟಾಟಾದ ಐರಾ, ಮಾರುತಿಯ ಸುಜುಕಿ ಕನೆಕ್ಟ್ ಥರದ್ದು) ಪಾಸ್‌ವರ್ಡ್ ಈಗಲೇ ಬದಲಿಸಿ. ಕದ್ದ ಮಾಲಿನಲ್ಲಿ ಮನೆಯ ಹಳೇ ಫೋನೋ ಟ್ಯಾಬೋ ಸೇರಿದ್ದು, ಅದರಲ್ಲಿ ಈ ಆ್ಯಪ್ ಲಾಗಿನ್ ಆಗಿದ್ದರೆ ಅದೂ ಒಂದು ಕೀಯೇ. ಡಿಜಿಟಲ್ ಕೀ ಹಂಚಿದ್ದರೆ ರದ್ದು ಮಾಡಿ. ಜಿಯೋಫೆನ್ಸ್ ಎಚ್ಚರಿಕೆ ಆನ್ ಮಾಡಿದರೆ ಕಾರು ನಿಮ್ಮ ಬೀದಿ ದಾಟುತ್ತಲೇ ಫೋನಿಗೆ ಸಂದೇಶ ಬರುತ್ತದೆ.

ಠಾಣೆಯಲ್ಲಿ: ಕೀಗೂ ಒಂದು ಸಾಲು ಬೇಕು

ಮನೆಗಳ್ಳತನದ ದೂರು ಬರೆಯುವಾಗ ಠಾಣೆಯ ರೈಟರ್ ಕೇಳುವುದು ಬೆಲೆಬಾಳುವ ವಸ್ತುಗಳನ್ನು: ಚಿನ್ನ ಎಷ್ಟು ಗ್ರಾಂ, ನಗದು ಎಷ್ಟು. ಕಾರಿನ ಕೀ ಅಂದರೆ "ಕೀ ತಾನೇ ಸಾರ್, ಡೂಪ್ಲಿಕೇಟ್ ಮಾಡಿಸ್ಕೊಳ್ಳಿ" ಅನ್ನುವವರೂ ಇದ್ದಾರೆ. ಅಲ್ಲಿ ಸೋಲಬೇಡಿ. ದೂರಿನ ಅರ್ಜಿಯಲ್ಲಿ ಕೀಗೆ ಪ್ರತ್ಯೇಕ ಪ್ಯಾರಾ ಇರಲಿ. ಬರೆದುಕೊಂಡೇ ಹೋದರೆ ಒಳ್ಳೆಯದು, ಹೆಚ್ಚುಕಮ್ಮಿ ಹೀಗೆ:

"ದಿನಾಂಕ ___ರ ರಾತ್ರಿ ___ ಗಂಟೆಯಿಂದ ದಿನಾಂಕ ___ರ ಬೆಳಿಗ್ಗೆ ___ ಗಂಟೆಯ ಮಧ್ಯದ ಅವಧಿಯಲ್ಲಿ ಯಾರೋ ಕಳ್ಳರು ನಮ್ಮ ಮನೆಯ ಮುಂಬಾಗಿಲ ಬೀಗ ಮುರಿದು ಒಳಗೆ ಪ್ರವೇಶಿಸಿ, ಇತರೆ ವಸ್ತುಗಳೊಂದಿಗೆ ನನ್ನ ಕಾರು ಸಂಖ್ಯೆ ಕೆಎ ___ ಇದರ ಒಂದು ಅಸಲು ರಿಮೋಟ್ ಕೀಯನ್ನು ಸಹ ಕಳವು ಮಾಡಿಕೊಂಡು ಹೋಗಿರುತ್ತಾರೆ. ಸದರಿ ವಾಹನದ ಚಾಸಿಸ್ ಸಂಖ್ಯೆ ___, ಇಂಜಿನ್ ಸಂಖ್ಯೆ ___. ವಾಹನವು ಪ್ರಸ್ತುತ ನನ್ನ ಬಳಿ ಇದ್ದು, ಎರಡನೇ ಕೀ ಸಹ ನನ್ನ ಬಳಿ ಇರುತ್ತದೆ. ಕಳವಾದ ಕೀಯನ್ನು ಬಳಸಿ ವಾಹನವನ್ನು ಕಳವು ಮಾಡುವ ಅಥವಾ ದುರುಪಯೋಗಪಡಿಸುವ ಸಾಧ್ಯತೆ ಇರುವುದರಿಂದ ಈ ವಿಷಯವನ್ನು ದೂರಿನಲ್ಲಿ ದಾಖಲಿಸಬೇಕೆಂದು ಕೋರುತ್ತೇನೆ."

ಕಳ್ಳ ಮುಂದೆ ಆ ಕಾರು ಒಯ್ದು ಯಾರಿಗಾದರೂ ಗುದ್ದಿದರೆ, ಅಥವಾ ಇನ್ನೊಂದು ಅಪರಾಧಕ್ಕೆ ಬಳಸಿದರೆ, ಪೊಲೀಸರು ಮೊದಲು ತಟ್ಟುವುದು ಆರ್‌ಸಿಯಲ್ಲಿ ಹೆಸರಿರುವವರ ಬಾಗಿಲನ್ನೇ. ಆಗ ಕೈಯಲ್ಲಿ ಹಿಡಿಯುವುದಕ್ಕೆ ಈ ಪ್ಯಾರಾ ಬೇಕು.

2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಾಸದ ಮನೆಯಲ್ಲಿ ಕಳವು ಕಲಂ 305ರಡಿ, ಮನೆ ಮುರಿದು ನುಗ್ಗುವುದು ಕಲಂ 331ರಡಿ ಬರುತ್ತದೆ. ಎರಡೂ ಎಫ್‌ಐಆರ್ ಆಗಲೇಬೇಕಾದ ಅಪರಾಧಗಳು. ದೂರು ತಲುಪಿದೆ ಅನ್ನುವ ಬರೀ ಹಿಂಬರಹ ಕೊಟ್ಟು ಕಳಿಸಿದರೆ ಒಪ್ಪದೆ ಎಫ್‌ಐಆರ್ ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಆನ್‌ಲೈನ್ ಮೂಲಕ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು, ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಠಾಣೆಯವರು ಒಪ್ಪದಿದ್ದರೆ ಎಸ್‌ಪಿಗೆ, ಬೆಂಗಳೂರಿನಂಥ ಕಮಿಷನರೇಟಿನಲ್ಲಿ ಡಿಸಿಪಿಗೆ, ಅಂಚೆಯಲ್ಲಿ ದೂರು ಕಳಿಸಬಹುದು.

ಒಂದು ಅಡ್ಡದಾರಿಯಿಂದ ದೂರವಿರಿ. ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ಮನೆಯಲ್ಲೇ ಕೂತು ಕಳೆದುಹೋದ ವಸ್ತುವಿನ ವರದಿ ಪಡೆಯಬಹುದು. ಬಸ್ಸಿನಲ್ಲಿ ಆರ್‌ಸಿ ಬಿದ್ದುಹೋದರೆ ಅದು ಸರಿ. ಕಳವಾದ ಕೀಗೆ ಆ ವರದಿ ತೆಗೆದರೆ, ಕೀಯನ್ನು ನೀವೇ ಎಲ್ಲೋ ಬೀಳಿಸಿದಿರಿ ಎಂದು ನೀವೇ ಸಹಿ ಹಾಕಿಕೊಟ್ಟ ಹಾಗಾಯಿತು. ನಾಳೆ ಕಾರು ಹೋದಾಗ ಇನ್ಶೂರೆನ್ಸ್ ಕಂಪನಿಯ ವಕೀಲರು ಆ ಹಾಳೆಯನ್ನೇ ಎತ್ತಿ ಹಿಡಿಯುತ್ತಾರೆ.

ಇನ್ಶೂರೆನ್ಸ್‌ಗೆ ಅದೇ ದಿನ ಒಂದು ಮೇಲ್

"ಕಾರು ಹೋಗಿಲ್ಲವಲ್ಲ, ಅವರಿಗೇಕೆ ಹೇಳಬೇಕು?" ಅನ್ನಿಸುವುದು ಸಹಜ. ಎರಡು ಕಾರಣಕ್ಕೆ.

ಮೊದಲನೆಯದು, ಕಾರು ಕಳವಾದಾಗ ಕ್ಲೇಮಿಗೆ ಕಂಪನಿಗಳು ಕೇಳುವ ವಸ್ತುಗಳಲ್ಲಿ ಎರಡೂ ಅಸಲು ಕೀ ಸೇರಿವೆ. ಒಂದೇ ಕೀ ಇಟ್ಟರೆ ಇನ್ನೊಂದು ಎಲ್ಲಿ ಅನ್ನುವ ಪ್ರಶ್ನೆ ಬರುತ್ತದೆ. ಕಾರಿನಲ್ಲೇ ಬಿಟ್ಟಿದ್ದಿರಾ, ಯಾರಿಗಾದರೂ ಕೊಟ್ಟಿದ್ದಿರಾ ಎಂದು ತನಿಖೆಯವರು ಕೆದಕುತ್ತಾರೆ. ನಮ್ಮಲ್ಲಿನ ಮೋಟಾರು ಪಾಲಿಸಿಯ ಷರತ್ತುಗಳಲ್ಲಿ, ವಾಹನದ ಸುರಕ್ಷತೆಗೆ ಮಾಲೀಕ ಸೂಕ್ತ ಎಚ್ಚರಿಕೆಯನ್ನೆಲ್ಲ ತೆಗೆದುಕೊಳ್ಳಬೇಕು ಅನ್ನುವುದು ಒಂದು. ಕೀ ಕಳವಾದದ್ದು ಗೊತ್ತಿದ್ದೂ ತಿಂಗಳುಗಟ್ಟಲೆ ಅದೇ ಬೀಗದಲ್ಲಿ ಬೀದಿಯಲ್ಲಿ ನಿಲ್ಲಿಸಿದ್ದರೆ ಈ ಷರತ್ತು ನಿಮ್ಮ ಮೇಲೆಯೇ ತಿರುಗುತ್ತದೆ.

ಎರಡನೆಯದು, ನಿಮಗೇ ನೆನಪಿಲ್ಲದ ಆ್ಯಡ್-ಆನ್ ಪಾಲಿಸಿಯಲ್ಲಿ ಇರಬಹುದು. ಕೀ ರೀಪ್ಲೇಸ್‌ಮೆಂಟ್ ಅಥವಾ ಕೀ ಪ್ರೊಟೆಕ್ಟ್ ಎಂಬ ಹೆಸರಿನಲ್ಲಿ ಮಾರುವ ಈ ರಕ್ಷಣೆ ಹೊಸ ಕೀ ಮತ್ತು ಲಾಕ್ ಸೆಟ್‌ನ ಖರ್ಚು ಕೊಡುತ್ತದೆ, ಮಿತಿಯೊಳಗೆ. ಪಾಲಿಸಿ ಹಾಳೆಯ ಪ್ರೀಮಿಯಂ ಪಟ್ಟಿಯಲ್ಲಿ ಒಂದು ಸಾಲಾಗಿ ಕೂತಿರುತ್ತದೆ, ಹುಡುಕಿ. ಇದ್ದರೆ, ಕೆಲಸ ಶುರುಮಾಡುವ ಮುನ್ನವೇ ಕ್ಲೇಮ್ ದಾಖಲಿಸಿ. ಸರ್ವೇಯರ್ ನೋಡುವವರೆಗೆ ಬಿಚ್ಚಿದ ಹಳೇ ಲಾಕುಗಳನ್ನು ಎಸೆಯಬೇಡಿ ಎಂದು ಸರ್ವಿಸ್ ಸೆಂಟರಿನವರಿಗೂ ಹೇಳಿಡಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದವರಿಗೆ ಕೀಯೂ ಇಲ್ಲ, ಕಾರು ಹೋದರೆ ಕಾರಿನ ದುಡ್ಡೂ ಇಲ್ಲ. ಅಂಥವರು ಬೀಗ ಬದಲಿಸುವ ಖರ್ಚಿಗೆ ಹಿಂದೆಮುಂದೆ ನೋಡಲೇಬಾರದು.

ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಮೇಲ್ ಮಾಡಿ. ಪಾಲಿಸಿ ನಂಬರ್, ಗಾಡಿ ನಂಬರ್, ಕಳವಾದ ದಿನ, ಎಫ್‌ಐಆರ್ ನಂಬರ್, ಕಾರು ಈಗ ಇರುವ ಜಾಗ, ಕಳವಾದ ಕೀಯನ್ನು ಕಾರಿನ ನೆನಪಿನಿಂದ ಯಾವತ್ತು ಡಿಲೀಟ್ ಮಾಡಿಸುತ್ತೀರಿ (ಹೇಗೆಂದು ಮುಂದಿದೆ), ಇಷ್ಟು ಸಾಕು. ಅವರು ಕೊಡುವ ರೆಫರೆನ್ಸ್ ನಂಬರ್ ಎಫ್‌ಐಆರ್ ಪ್ರತಿಯ ಮೇಲೆಯೇ ಬರೆದಿಡಿ. ಪೊಲೀಸರಿಗೆ ಕೂಡಲೇ ತಿಳಿಸಿದ್ದರೆ, ಕಂಪನಿಗೆ ತಿಳಿಸುವುದು ತಡವಾಯಿತು ಅನ್ನುವುದೊಂದನ್ನೇ ಮುಂದೊಡ್ಡಿ ವಾಹನ ಕಳವಿನ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ಹೇಳಿದೆ. ಆದರೆ ಆ ತೀರ್ಪು ಪಡೆಯಲು ಕೋರ್ಟಿನವರೆಗೆ ಹೋಗಬೇಕಾಯಿತು ಅನ್ನುವುದನ್ನೂ ನೆನಪಿಡಿ.

ಸರ್ವಿಸ್ ಸೆಂಟರಿನಲ್ಲಿ ಏನು ಕೇಳಬೇಕು

ಇಡೀ ಲೇಖನದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಏಕೆಂದರೆ ದುಡ್ಡು ಕೊಟ್ಟೂ ಜನ ಮೋಸ ಹೋಗುವುದು ಇಲ್ಲಿ, ಅದೂ ಯಾರೂ ಮೋಸ ಮಾಡದೆ.

ಈಗಿನ ಕಾರಿನ ಕೀಯಲ್ಲಿ ಮೂರು ಬೇರೆ ಬೇರೆ ಸಾಮಾನುಗಳಿವೆ. ಲೋಹದ ಅಲಗು ಬಾಗಿಲಿನ ಬೀಗವನ್ನು ತಿರುಗಿಸುತ್ತದೆ. ರಿಮೋಟ್ ಬಟನ್ ದೂರದಿಂದ ಬಾಗಿಲು ತೆಗೆಯುತ್ತದೆ. ಪ್ಲಾಸ್ಟಿಕ್ಕಿನೊಳಗೆ ಅಡಗಿರುವ ಪುಟ್ಟ ಚಿಪ್ ಕಾರಿನ ಇಮ್ಮೊಬಿಲೈಸರ್ ಜೊತೆ ಮಾತಾಡುತ್ತದೆ; ಚಿಪ್ಪಿನ ಗುರುತು ಕಾರಿನ ನೆನಪಿನಲ್ಲಿದ್ದರೆ ಇಂಜಿನ್ ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಮಾರುತಿಯವರು ಐ-ಕ್ಯಾಟ್ಸ್ ಅನ್ನುವುದು ಇದನ್ನೇ. ನಿಮ್ಮ ಕಾರಿಗೆ ಇದೆಯೋ ಇಲ್ಲವೋ ತಿಳಿಯಲು ಇಗ್ನಿಷನ್ ಆನ್ ಮಾಡಿದಾಗ ಮೀಟರಿನಲ್ಲಿ ಕೀ ಗುರುತಿನ ದೀಪ ಹತ್ತಿ ಆರುತ್ತದೆಯೇ ನೋಡಿ, ಅಥವಾ ಮ್ಯಾನ್ಯುಯಲ್ ತೆರೆಯಿರಿ.

ಹೊಸ ಕೀ ಮಾಡಿಸಿದರೆ ಹಳೇ ಕೀ ಸಾಯುವುದಿಲ್ಲ. ಕಾರು ಎರಡು ಕೀ ಗುರುತು ಹಿಡಿಯುತ್ತಿತ್ತು, ಈಗ ಮೂರನೆಯದನ್ನೂ ಹಿಡಿಯುತ್ತದೆ, ಅಷ್ಟೇ. ಕಳ್ಳನ ಕೈಯಲ್ಲಿರುವುದು ಮೊದಲಿನ ಹಾಗೇ ಕೆಲಸ ಮಾಡುತ್ತಿರುತ್ತದೆ. ಕೌಂಟರಿನಲ್ಲಿ "ಕೀ ಕಳವಾಗಿದೆ, ಡೂಪ್ಲಿಕೇಟ್ ಬೇಕು" ಅಂದರೆ ಅವರು ಡೂಪ್ಲಿಕೇಟ್ ಮಾಡಿ ಕೊಡುತ್ತಾರೆ. ಕೇಳಿದ್ದನ್ನು ಕೊಟ್ಟಿದ್ದಾರೆ, ತಪ್ಪು ಅವರದ್ದಲ್ಲ. ನೀವು ಕೇಳಬೇಕಾದದ್ದು ಇದು: "ಕಳವಾದ ಕೀಯನ್ನು ಇಮ್ಮೊಬಿಲೈಸರಿನಿಂದ ಡಿಲೀಟ್ ಮಾಡಿ, ನನ್ನ ಹತ್ತಿರ ಇರುವುದನ್ನು ಮಾತ್ರ ರಿಜಿಸ್ಟರ್ ಮಾಡಿಕೊಡಿ." ಜಾಬ್ ಕಾರ್ಡಿನಲ್ಲಿ ಸರ್ವಿಸ್ ಅಡ್ವೈಸರ್ ಇದೇ ಮಾತು ಬರೆಯುವವರೆಗೆ ಸಹಿ ಹಾಕಬೇಡಿ.

ಡಿಲೀಟ್ ಮಾಡುವುದು ಹೇಗೆಂದು ತಿಳಿದಿದ್ದರೆ ಒಂದು ಓಡಾಟ ಉಳಿಯುತ್ತದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ, ಸಾಮಾನ್ಯವಾಗಿ ನೆನಪಿನಲ್ಲಿರುವ ಕೀಗಳನ್ನೆಲ್ಲ ಅಳಿಸಿ, ಎದುರಿಗಿರುವ ಕೀಗಳನ್ನು ಒಂದೊಂದಾಗಿ ಮತ್ತೆ ಸೇರಿಸುತ್ತಾರೆ. ಹಾಗಾಗಿ ನಿಮ್ಮ ಬಳಿ ಉಳಿದ ಎಲ್ಲ ಕೀಗಳನ್ನೂ ಒಯ್ಯಿರಿ. ಮಗಳು ಕಾಲೇಜಿಗೆ ಒಯ್ದ ಕೀ ಅಲ್ಲಿ ಇರದಿದ್ದರೆ ಅದೂ ಸತ್ತಂತೆ. ಕೆಲಸ ಮುಗಿದ ಮೇಲೆ ಸ್ಕ್ಯಾನರಿನ ಪರದೆ ತೋರಿಸಲು ಕೇಳಿ. ಬಹಳಷ್ಟು ಗಾಡಿಗಳಲ್ಲಿ ರಿಜಿಸ್ಟರ್ ಆದ ಕೀಗಳ ಸಂಖ್ಯೆ ಅಲ್ಲಿ ಕಾಣುತ್ತದೆ. ಕೈಯಲ್ಲಿ ಒಂದೇ ಕೀ ಇದ್ದರೆ ಪರದೆ 1 ಅನ್ನಬೇಕು. 2 ಅಂದರೆ ಕೆಲಸ ಆಗಿಲ್ಲ. ಫೋಟೊ ತೆಗೆದುಕೊಳ್ಳಿ, ಇನ್ಶೂರೆನ್ಸ್‌ನವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಹೊಸ ಕೀ ಕಂಪನಿಯಿಂದ ಬರಲು ದಿನಗಳು, ಕೆಲವು ಮಾಡೆಲ್‌ಗಳಿಗೆ ವಾರಗಳೇ ಹಿಡಿಯುತ್ತವೆ. "ಕೀ ಬಂದ ಮೇಲೆ ಎಲ್ಲ ಒಟ್ಟಿಗೆ ಮಾಡೋಣ ಸಾರ್" ಅಂದರೆ ಒಪ್ಪಬೇಡಿ. ಕೈಯಲ್ಲಿ ಒಂದು ಕೀ ಇದ್ದರೆ ಡಿಲೀಟ್ ಇವತ್ತೇ ಆಗುತ್ತದೆ, ಹೊಸದು ಬಂದಾಗ ಸೇರಿಸಿದರಾಯಿತು. ಎರಡು ಸಲದ ಲೇಬರ್ ಚಾರ್ಜ್ ಬೀಳಬಹುದು, ಬೀಳಲಿ. ಎರಡೂ ಕೀ ಹೋದವರಿಗೆ ಮಾತ್ರ ಕಾಯದೆ ಗತಿಯಿಲ್ಲ. ಅಲ್ಲಿಯವರೆಗೆ ಕಾರು ಸರ್ವಿಸ್ ಸೆಂಟರಿನ ಅಂಗಳದಲ್ಲೇ ಇರಲಿ.

ಹೋಗುವಾಗ ಆರ್‌ಸಿ, ಮಾಲೀಕರ ಗುರುತಿನ ಚೀಟಿ, ಎಫ್‌ಐಆರ್ ಪ್ರತಿ ಇಟ್ಟುಕೊಳ್ಳಿ. ಕಾರು ಯಾರ ಹೆಸರಿನಲ್ಲಿದೆಯೋ ಅವರೇ ಹೋದರೆ ಒಳ್ಳೆಯದು. ಕಾರು ಕೊಂಡಾಗ ಕೀ ಜೊತೆ ನಂಬರ್ ಕೊರೆದ ಪುಟ್ಟ ಲೋಹದ ಬಿಲ್ಲೆ ಬಂದಿರುತ್ತದಲ್ಲ, ಅಲಗು ಕೊರೆಯಲು ಬೇಕಾದ ನಂಬರ್ ಅದರಲ್ಲಿದೆ. ಬಹಳ ಮಂದಿ ಅದನ್ನು ಅಲಂಕಾರ ಅಂದುಕೊಂಡು ಕೀ ಗೊಂಚಲಿಗೇ ಸೇರಿಸಿರುತ್ತಾರೆ. ಕಳ್ಳನಿಗೆ ಕೀ ಜೊತೆ ಅದರ ಜಾತಕವೂ ಸಿಕ್ಕಿತು.

ಚಿಪ್ ಅಳಿಸಿದ ಮೇಲೂ ಅಲಗು ಹಾಗೇ ಉಳಿಯುತ್ತದೆ. ಇಂಜಿನ್ ಹತ್ತದು, ಆದರೆ ಬಾಗಿಲು ತೆರೆಯುತ್ತದೆ. ಬಟನ್ ಸ್ಟಾರ್ಟ್ ಕಾರಿನ ಸ್ಮಾರ್ಟ್ ಕೀಯೊಳಗೂ ಎಳೆದರೆ ಬರುವ ಅಲಗು ಇದೆ, ಮರೆಯಬೇಡಿ. ಕಾರಿನೊಳಗೆ ಏನೂ ಇಡದೆ, ಗೇಟಿನೊಳಗೆ ನಿಲ್ಲಿಸುವವರು ಇಷ್ಟಕ್ಕೆ ನಿಲ್ಲಬಹುದು. ಬೀದಿಯಲ್ಲಿ ನಿಲ್ಲಿಸುವವರು ಬೀಗವನ್ನೂ ಬದಲಿಸುವುದು ಮೇಲು. ಬಟನ್ ಸ್ಟಾರ್ಟ್ ಗಾಡಿಯಾದರೆ ಡ್ರೈವರ್ ಬಾಗಿಲಿನ ಬ್ಯಾರಲ್ (ಕೀ ತೂರಿಸುವ ಬೀಗದ ಭಾಗ) ಮಾತ್ರ ಸಾಕಾಗಬಹುದು. ಕೀ ತಿರುಗಿಸುವ ಗಾಡಿಯಾದರೆ ಇಗ್ನಿಷನ್, ಬಾಗಿಲು, ಡಿಕ್ಕಿ ಸೇರಿದ ಪೂರ್ತಿ ಲಾಕ್ ಸೆಟ್. ಒಂದೊಂದೇ ಬದಲಿಸಿದರೆ ಬಾಗಿಲಿಗೊಂದು, ಇಗ್ನಿಷನ್ನಿಗೊಂದು ಕೀ ಹಿಡಿದು ಓಡಾಡಬೇಕಾಗುತ್ತದೆ.

ರಸ್ತೆ ಬದಿಯ ಕೀ ಮೇಕರ್ ಇದೆಲ್ಲ ಮಾಡುವುದಿಲ್ಲವೇ ಎಂದರೆ, ಮಾಡುತ್ತಾರೆ. ಒಳ್ಳೆಯ ಕೈಗಳಿವೆ, ಚಿಪ್ ಓದಿ ಬರೆಯುವ ಯಂತ್ರವೂ ಅವರ ಬಳಿ ಇದೆ, ರೇಟೂ ಕಡಿಮೆ. ಹತ್ತು ವರ್ಷದ ಗಾಡಿಗೆ ನಾನಾದರೂ ಅವರ ಹತ್ತಿರವೇ ಹೋಗುತ್ತಿದ್ದೆ. ಆದರೆ ಮನೆಗಳ್ಳತನದ ಕೇಸಿನಲ್ಲಿ ಬಿಲ್ ಬೇಕು, ಡಿಲೀಟ್ ಮಾಡಿದ ದಾಖಲೆ ಬೇಕು, ವಾರಂಟಿ ಉಳಿಯಬೇಕು. ಆ ಕಾರಣಕ್ಕೆ ಕಂಪನಿ ಸರ್ವಿಸ್ ಸೆಂಟರ್.

ಇಮ್ಮೊಬಿಲೈಸರ್ ಇಲ್ಲದ ಹಳೇ ಗಾಡಿ, ಬೈಕು, ಸ್ಕೂಟರ್

ಇಲ್ಲಿ ಡಿಲೀಟ್ ಮಾಡಲು ಏನೂ ಇಲ್ಲ, ಅಲಗೇ ಸರ್ವಸ್ವ. ಲಾಕ್ ಸೆಟ್ ಬದಲಿಸದೆ ದಾರಿಯಿಲ್ಲ. ಸ್ಕೂಟರಿಗೆ ಇಗ್ನಿಷನ್, ಸೀಟು, ಪೆಟ್ರೋಲ್ ಮುಚ್ಚಳ ಸೇರಿದ ಸೆಟ್ ಬಿಡಿಭಾಗದ ಅಂಗಡಿಯಲ್ಲೇ ಸಿಗುತ್ತದೆ, ಪರಿಚಯದ ಮೆಕ್ಯಾನಿಕ್ ಕೂತ ಕೂತಲ್ಲೇ ಹಾಕಿಕೊಡುತ್ತಾರೆ. ಕಾರಿನ ರಾಮಾಯಣಕ್ಕೆ ಹೋಲಿಸಿದರೆ ಖರ್ಚು ಏನೇನೂ ಅಲ್ಲ, ಆದರೂ ಜನ ಮುಂದೂಡುವುದು ಇದನ್ನೇ. ಕಳ್ಳರಿಗೆ ಸಾಗಿಸಲು ಸುಲಭ ಯಾವುದು ಎಂದು ಯೋಚಿಸಿದರೆ ಸ್ಕೂಟರೇ ಮೊದಲಾಗಬೇಕು. ಬದಲಿಸುವವರೆಗೆ ಚಕ್ರಕ್ಕೊಂದು ಸರಪಳಿ ಹಾಕಿ ಕಿಟಕಿ ಸರಳಿಗೋ ಕಂಬಕ್ಕೋ ಬಿಗಿಯಿರಿ. ಆ್ಯಪ್‌ನಲ್ಲಿ ಓಡುವ ಎಲೆಕ್ಟ್ರಿಕ್ ಸ್ಕೂಟರಾದರೆ ಬೇರೆ ಫೋನುಗಳನ್ನೆಲ್ಲ ಲಾಗೌಟ್ ಮಾಡಿ ಪಿನ್ ಬದಲಿಸಿ.

ಕಾಗದಪತ್ರ ಮತ್ತು ಮನೆ ಬೀಗ

ಕೀ ಜೊತೆ ಆರ್‌ಸಿಯೂ ಹೋಗಿದ್ದರೆ ದೂರಿನಲ್ಲಿ ಅದನ್ನೂ ಸೇರಿಸಿ, ಪರಿವಾಹನ್ ಜಾಲತಾಣದ ಮೂಲಕ ಫಾರಂ 26ರಲ್ಲಿ ನಕಲು ಆರ್‌ಸಿಗೆ ಅರ್ಜಿ ಹಾಕಿ. ಅಲ್ಲಿಯವರೆಗೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಪ್ರತಿ ಪೊಲೀಸರಿಗೆ ತೋರಿಸಲು ನಡೆಯುತ್ತದೆ. ಕಾರು ಮಾರುವ ಯೋಚನೆಯಲ್ಲಿದ್ದು ಸಹಿ ಹಾಕಿದ ಫಾರಂ 29, 30 (ಮಾಲೀಕತ್ವ ವರ್ಗಾವಣೆಯ ಅರ್ಜಿಗಳು) ಅದೇ ಕವರಿನಲ್ಲಿ ಇದ್ದವೇ? ಹಾಗಿದ್ದರೆ ಎಫ್‌ಐಆರ್ ಪ್ರತಿಯೊಂದಿಗೆ ನಿಮ್ಮ ಆರ್‌ಟಿಒ ಕಚೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ವಾಹನ್ ದಾಖಲೆಯಲ್ಲಿ ಇರುವುದು ನಿಮ್ಮ ಈಗಿನ ಮೊಬೈಲ್ ನಂಬರೇ ಅನ್ನುವುದನ್ನೂ ಖಾತ್ರಿ ಮಾಡಿಕೊಳ್ಳಿ, ಓಟಿಪಿ ಬರುವುದು ಅದಕ್ಕೇ.

ಮನೆ ಬೀಗದ ಕೈ ಅದೇ ಗೊಂಚಲಿನಲ್ಲಿ ಇದ್ದರೆ ಆ ದಿನವೇ ಬಡಗಿ ಕರೆಸಿ ಬೀಗ ಬದಲಿಸಿ. ಗೇಟಿನ ರಿಮೋಟ್ ಹೋಗಿದ್ದರೆ ಗೇಟ್ ಹಾಕಿಕೊಟ್ಟವರಿಂದ ಹಳೇ ರಿಮೋಟ್ ಅಳಿಸಿಸಿ. ಬ್ಯಾಂಕ್ ಲಾಕರ್ ಕೀ ಹೋಗಿದ್ದರೆ ಬ್ಯಾಂಕಿಗೆ ಲಿಖಿತವಾಗಿ ಕೊಡಿ.

ಅಷ್ಟರಲ್ಲಿ ಕಾರೇ ಹೋದರೆ

ಮತ್ತೆ 112, ಮತ್ತೆ ಠಾಣೆ. ಈ ಸಲ ಹಳೇ ಎಫ್‌ಐಆರ್ ನಂಬರ್ ಉಲ್ಲೇಖಿಸಿ ವಾಹನ ಕಳವಿನ ದೂರು. ಫಾಸ್ಟ್ಯಾಗ್ ಅನ್ನು ಗಾಬರಿಯಲ್ಲಿ ಮೊದಲು ಬ್ಲಾಕ್ ಮಾಡಿಬಿಡಬೇಡಿ: ಕಾರು ಟೋಲ್ ದಾಟಿದರೆ ಯಾವ ಪ್ಲಾಜಾ, ಎಷ್ಟು ಹೊತ್ತಿಗೆ ಎಂದು ನಿಮ್ಮ ಫೋನಿಗೆ ಬರುವ ಸಂದೇಶ ಪೊಲೀಸರಿಗೆ ಬೆಲೆಯುಳ್ಳದ್ದು. ಅವರನ್ನು ಕೇಳಿ ಆಮೇಲೆ ನಿಲ್ಲಿಸಿ. ಟ್ರಾಫಿಕ್ ಕ್ಯಾಮೆರಾದ ಚಲನ್ ಬಂದರೂ ಅಷ್ಟೇ, ದಂಡ ನೋಡಿ ಬೈದುಕೊಳ್ಳುವ ಬದಲು ಜಾಗ, ಸಮಯ ತನಿಖಾಧಿಕಾರಿಗೆ ಕಳಿಸಿ. ಕಂಪನಿ ಆ್ಯಪ್ ಇರುವ ಕೆಲವು ಕಾರುಗಳಲ್ಲಿ ಪೊಲೀಸ್ ದೂರಿನ ಆಧಾರದ ಮೇಲೆ ಕಾಲ್ ಸೆಂಟರಿನವರು ಕಾರನ್ನು ಮತ್ತೆ ಸ್ಟಾರ್ಟ್ ಆಗದಂತೆ ದೂರದಿಂದಲೇ ಮಾಡಬಲ್ಲರು. ಲೊಕೇಶನ್ ಕಂಡಿತೆಂದು ನೀವೇ ಹೊರಡಬೇಡಿ.

ಕಾರು ಸಿಗದಿದ್ದರೆ ಕ್ಲೇಮಿಗೆ ಪತ್ತೆಯಾಗಿಲ್ಲ ಅನ್ನುವ ಪೊಲೀಸ್ ವರದಿ ಬೇಕು. ನಮ್ಮಲ್ಲಿ ಅದನ್ನು "ಸಿ" ರಿಪೋರ್ಟ್ ಅನ್ನುತ್ತಾರೆ, ಠಾಣೆಯಲ್ಲಿ ಆ ಹೆಸರಿನಲ್ಲೇ ಕೇಳಿ. ಎರಡನೇ ಕೀ ಎಲ್ಲಿ ಎಂಬ ಪ್ರಶ್ನೆಗೆ ಮೊದಲ ಎಫ್‌ಐಆರ್, ಕಂಪನಿಗೆ ಕಳಿಸಿದ ಮೇಲ್, ಜಾಬ್ ಕಾರ್ಡ್ ಮೂರನ್ನೂ ಒಟ್ಟಿಗೆ ಇಡಿ. ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಯ ದೂರು ವಿಭಾಗ, ಆಮೇಲೆ ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐಯ ಬಿಮಾ ಭರೋಸಾ ಜಾಲತಾಣ ಅಥವಾ ಸಹಾಯವಾಣಿ 155255, ಅಲ್ಲಿಗೂ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಕಳ್ಳ ಸಿಕ್ಕು ಕೀ ವಾಪಸ್ ಬಂದರೆ

ಕೆಲವೊಮ್ಮೆ ತಿಂಗಳುಗಳ ಮೇಲೆ ಠಾಣೆಯಿಂದ ಫೋನ್ ಬರುತ್ತದೆ: ಕಳ್ಳ ಸಿಕ್ಕಿದ್ದಾನೆ, ಮಾಲು ಗುರುತಿಸಲು ಬನ್ನಿ. ಚಿನ್ನ ಕರಗಿಹೋಗಿರುತ್ತದೆ, ಕೀ ಮಾತ್ರ ಅವನ ಚೀಲದ ತಳದಲ್ಲಿ ಹಾಗೇ ಇರುತ್ತದೆ. ಜಪ್ತಿಯಾದ ವಸ್ತು ಕೋರ್ಟಿನ ಆದೇಶದ ಮೇಲೆ ನಿಮ್ಮ ಕೈಗೆ ಬರುತ್ತದೆ. ಸರ್ವಿಸ್ ಸೆಂಟರಿನಲ್ಲಿ "ಇದನ್ನೂ ಮತ್ತೆ ಸೇರಿಸಿಬಿಡೋಣ ಸಾರ್, ಹೊಸ ಕೀ ದುಡ್ಡು ಉಳಿಯುತ್ತೆ" ಅನ್ನಬಹುದು. ಬೇಡ. ಅಷ್ಟು ದಿನ ಆ ಕೀ ಯಾರ ಯಾರ ಕೈಯಲ್ಲಿತ್ತೋ ತಿಳಿಯದು, ಚಿಪ್ಪಿನ ನಕಲು ಮಾಡುವ ಯಂತ್ರ ಮಾರುಕಟ್ಟೆಯಲ್ಲಿದೆ. ನಕಲು ಮಾಡಿದ್ದರೆ, ಅಸಲನ್ನು ಮತ್ತೆ ರಿಜಿಸ್ಟರ್ ಮಾಡಿದ ಕ್ಷಣ ನಕಲಿಗೂ ಜೀವ ಬರುತ್ತದೆ. ಕೇಸು ಮುಗಿಯುವವರೆಗೆ ಅದನ್ನು ಎಫ್‌ಐಆರ್ ಪ್ರತಿಯ ಜೊತೆ ಲಕೋಟೆಯಲ್ಲಿ ಹಾಕಿಡಿ. ವಿಚಾರಣೆಗೆ ಕರೆದಾಗ ಅದನ್ನು ಹಾಜರುಪಡಿಸಲು ಕೇಳಬಹುದು.